ಲಕ್ಷ್ಮಿಯ ಸರದ ಮೇಲೆ ಬರೆದ ಪದಗಳು

ವೇಮಗಲ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ ತಗಡಿನ ಮೇಲಿನ ತಗ್ಗು ಹುಡುಕುವುದು. ಹುಡುಕುವುದು ನಾನಲ್ಲ, ಕ್ಯಾಮೆರಾ. ತಗಡು ಬೆಲ್ಟಿನ ಮೇಲೆ ಸಾಗುವಾಗ ಅದರ ಚಿತ್ರ ತೆಗೆದು, ಬರಿಗಣ್ಣಿಗೆ ಕಾಣದ ತಗ್ಗು ಉಬ್ಬುಗಳನ್ನು ಗುರುತಿಸುವ ಪ್ರೋಗ್ರಾಮ್ ಬರೆಯುವುದು, ಅದು ತಪ್ಪಿದ ದಿನ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮುಖಪರಿಚಯ ಇತ್ತು, ಅಷ್ಟೆ. ಕ್ಯಾಲನೂರಿನಿಂದ ಕಂಪನಿ ಬಸ್ಸಿನಲ್ಲಿ ಬರುವವಳು. ಸೆರಗಿನ ಮರೆಯಿಂದ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ನನ್ನ ಡಬ್ಬಿಯ ಪಕ್ಕ ಇಟ್ಟಳು.

"ಮೇಡಂ, ನಿಮ್ಮ ಮಿಷಿನ್ನು ತಗಡಿನ ತಗ್ಗು ನೋಡ್ತದಲ್ಲ, ಕಾಗದದ ಮೇಲಿಂದೂ ನೋಡ್ತದಾ?"

ಹಾಳೆಯ ಮೇಲ್ಭಾಗದಲ್ಲಿ ಕಮಲದ ಮೇಲೆ ಕೂತ ಲಕ್ಷ್ಮಿ, ಕೆಳಗೆ ತಿಂಗಳ ತಾರೀಖುಗಳು. ಹಿಂದೆ ರಾಶಿಫಲ, ಉಪ್ಪಿನಕಾಯಿ ಹಾಕುವ ವಿಧಾನ, ಒಂದು ಜವಳಿ ಅಂಗಡಿಯ ಜಾಹೀರಾತು. ನೀರು ಕುಡಿದು ಒಣಗಿದ ಕಂದು ಕಲೆ ಅರ್ಧ ಹಾಳೆಗೆ ಹರಡಿತ್ತು. ಕಿಟಕಿಯ ಕಡೆ ಓರೆಯಾಗಿ ಹಿಡಿದಾಗ ಮಾತ್ರ ಕಂಡಿತು: ಹಾಳೆಯ ತುಂಬ ಸಾಲುಸಾಲಾಗಿ ಸಣ್ಣ ಚುಕ್ಕೆಗಳು, ಕೆಲವು ಉಬ್ಬು, ಕೆಲವು ತಗ್ಗು.

"ಬ್ರೈಲಾ?" ಅಂದೆ.

"ಹೂಂ ಮೇಡಂ. ನಮ್ಮ ಅತ್ತಿಗೆ ಬರೆದಿದ್ದು. ನಮ್ಮೆಜಮಾನ್ರ ಅಕ್ಕ. ಅವ್ರಿಗೆ ಕಣ್ಣಿಲ್ಲ. ಈಗ ಬೆರಳಿಗೂ ತಿಳೀತಾ ಇಲ್ಲ."

ಕೊನೆಯ ಮಾತು ನನಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಅರ್ಥವಾದದ್ದು ಆ ಭಾನುವಾರ ಅವರ ಮನೆಗೆ ಹೋದಾಗ.

ಕ್ಯಾಲನೂರಿನ ಆ ಮನೆಯಲ್ಲಿ ಒಂದು ಕೋಣೆ ಪೂರ್ತಿ ರೇಷ್ಮೆ ಹುಳಕ್ಕೆ ಬಿಟ್ಟಿದ್ದರು. ಹುಳಗಳು ಸೊಪ್ಪು ಮೇಯುವ ಸದ್ದು ಪಡಸಾಲೆಗೂ ಕೇಳುತ್ತಿತ್ತು. ಆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತಿದ್ದರು ಆ ಅತ್ತಿಗೆ, ಟೀಚರ್. ಮುಳಬಾಗಿಲಿನ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಊರಲ್ಲೆಲ್ಲ ಅವರಿಗೆ ಟೀಚರಮ್ಮ ಅಂತಲೇ ಹೆಸರು. ಹುಟ್ಟಿನಿಂದ ಕಣ್ಣಿಲ್ಲ. ಕೆಲಸದಲ್ಲಿದ್ದಷ್ಟು ವರ್ಷ ರಜೆ ಸಿಕ್ಕಾಗಲೆಲ್ಲ ನಂಗಲಿ ಕಡೆಯ ಹಳ್ಳಿಗಳಿಗೆ, ಶ್ರೀನಿವಾಸಪುರದ ಮಾವಿನ ತೋಪುಗಳಿಗೆ ಹೋಗಿ, ಕಳೆ ಕೀಳುವ, ಕಾಯಿ ಆರಿಸುವ ಹೆಂಗಸರ ಜೊತೆ ಕೂತು ಅವರು ಹಾಡುವ ಪದಗಳನ್ನು ಬರೆದುಕೊಂಡಿದ್ದರು. ಬ್ರೈಲಿನ ದಪ್ಪ ಕಾಗದ ಬೇಕಾದಾಗ ಸಿಗುತ್ತಿರಲಿಲ್ಲ. ಅದಕ್ಕೇ ತಿಂಗಳು ಮುಗಿದ ಕ್ಯಾಲೆಂಡರಿನ ಹಾಳೆಗಳು. ಶಾಲೆಯಲ್ಲಿ, ಅಂಗಡಿಗಳಲ್ಲಿ, ಪಕ್ಕದ ಮನೆಗಳಲ್ಲಿ ಎಲ್ಲರೂ ಹರಿದ ಹಾಳೆಯನ್ನು ಅವರಿಗೆಂದು ಎತ್ತಿಡುತ್ತಿದ್ದರಂತೆ.

"ಎರಡೂ ಕಡೆ ಬರೀತಿದ್ದೆ ಕಣಮ್ಮ. ಒಂದು ಕಡೆ ಬರೆದು ಇನ್ನೊಂದು ಕಡೆ ಸುಮ್ನೆ ಬಿಡೋಕೆ ಮನಸ್ಸು ಬರ್ತಿರಲಿಲ್ಲ" ಅಂದರು ಟೀಚರ್. "ಸಾಲಿನ ನಡುವೆ ಸಾಲು ಬರೋಹಂಗೆ ಬ್ರೈಲ್ ಬರೆಯೋ ಹಲಗೆ ಸರಿಸ್ಕೋಬೇಕು. ಒಂದೊಂದ್ಸಲ ಸರೀತಿರಲಿಲ್ಲ, ಸಾಲಿನ ಮೇಲೇ ಸಾಲು ಬಂದುಬಿಡೋದು. ಆಗ ಬೆರಳು ಚುರುಕಾಗಿತ್ತು, ಉಬ್ಬಿದ್ದಷ್ಟೇ ಓದ್ಕೊಂಡು ಹೋಗೋದು. ತಗ್ಗಿದ್ದಿದ್ದು ಇದೆ ಅಂತಾನೂ ಗೊತ್ತಾಗ್ತಿರಲಿಲ್ಲ."

ಈಗ ಸಕ್ಕರೆ ಕಾಯಿಲೆ ಬೆರಳ ತುದಿಗಳ ಅರಿವನ್ನು ಒಂದೊಂದಾಗಿ ತೆಗೆದುಕೊಂಡಿತ್ತು. ಅದರ ಮೇಲೆ, ಮನೆಯ ಸೂರು ಬದಲಿಸುವಾಗ ಹಾಳೆಗಳ ಕಟ್ಟು ರಾಗಿ ಮೂಟೆಗಳ ಅಡಿ ಸೇರಿ ಒಂದು ಮಳೆಗಾಲ ಅಲ್ಲೇ ಉಳಿದಿತ್ತು. ತೆಗೆದಾಗ ಚುಕ್ಕೆಗಳು ಕೂತುಹೋಗಿದ್ದವು. ಬ್ರೈಲ್ ಚೆನ್ನಾಗಿ ಬಲ್ಲ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿ ತೋರಿಸಿದ್ದರು. ಅವಳ ಎಳೆಯ ಬೆರಳಿಗೂ ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

"ಪದಗಳು ನಿಮಗೆ ನೆನಪಿಲ್ವಾ ಟೀಚರ್?"

"ಸುಮಾರು ಇದಾವೆ. ಆದ್ರೆ ಬರೆದಿಟ್ಟಿದ್ದೀನಿ ಅನ್ನೋ ಧೈರ್ಯಕ್ಕೆ ಸುಮಾರು ಬಿಟ್ಟೂಬಿಟ್ಟೆ. ಹಾಡಿದೋರು ಯಾರೂ ಈಗಿಲ್ಲ." ಅವರು ಕೈಯಲ್ಲಿದ್ದ ಹಾಳೆಯನ್ನು ಸುಮ್ಮನೆ ಸವರುತ್ತಿದ್ದರು. "ಮುಟ್ಟಿದ್ರೆ ಗೋಡೆ ಮುಟ್ಟಿದಂಗೆ ಆಗ್ತದೆ."

ನಾನು ಕಟ್ಟಿನ ಮೇಲಿನ ಒಂದಷ್ಟು ಹಾಳೆಗಳನ್ನು ತೆಗೆದುಕೊಂಡು ಬಂದೆ. ಆಗುತ್ತದೆ ಅಂತ ಹೇಳಲಿಲ್ಲ. ನೋಡ್ತೀನಿ ಅಂದೆ.

ಕಾರ್ಖಾನೆಯ ಕ್ಯಾಮೆರಾದ ಕೆಳಗೆ ಹೊರಗಿನ ಒಂದು ಚೂರು ಕಾಗದವನ್ನೂ ಇಡುವಂತಿಲ್ಲ. ಹಾಗಾಗಿ ಮೊದಲು ಸ್ಕ್ಯಾನರ್ ಬೇಕಾಯಿತು. ಈಗಿನ ತೆಳು ಸ್ಕ್ಯಾನರ್‌ಗಳು ಗಾಜಿಗೆ ಅಂಟಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತವೆ. ಉಬ್ಬು ತಗ್ಗು ಇರುವುದಕ್ಕೆ ಹಳೆಯ ದಪ್ಪ ಮಾದರಿಯೇ ಸರಿ. ಮಾಲೂರಿನ ಒಂದು ಫೋಟೋ ಸ್ಟುಡಿಯೋದ ಅಟ್ಟದಲ್ಲಿ ಅಂಥದ್ದೊಂದು ಸಿಕ್ಕಿತು. ಮಾಲೀಕರು ಧೂಳು ಒರೆಸಿ, "ಇದ್ರಲ್ಲಿ ಏನ್ ಮಾಡ್ತೀರಮ್ಮ?" ಅಂತ ಕೇಳಿ, ಉತ್ತರ ಕೇಳಿದ ಮೇಲೆ ಬಾಡಿಗೆ ಬೇಡವೆಂದರು. ಮುಚ್ಚಳ ಹಾಕಿದರೆ ಉಳಿದ ಚುಕ್ಕೆಗಳೂ ಕೂತುಬಿಡುತ್ತವೆ. ಆದ್ದರಿಂದ ಮುಚ್ಚಳ ಕಳಚಿ, ಹಾಳೆಯ ಮೇಲೆ ಹಗುರವಾದ ಕಪ್ಪು ಬಟ್ಟೆ ಹೊದಿಸಿ ಸ್ಕ್ಯಾನ್ ಮಾಡಲು ಶುರುಮಾಡಿದೆ.

ಹಳೆಯ ಕಾಗದಗಳಲ್ಲಿ ಹಿಂದಿನ ಪುಟದ ಶಾಯಿ ಮುಂದಕ್ಕೆ ಇಳಿದು ಎರಡು ಬರಹ ಒಂದರ ಮೇಲೊಂದು ಕಾಣುವುದುಂಟು. ಅದನ್ನು ಬಿಡಿಸಲು ಒಂದು ಹೆಸರಾದ ವಿಧಾನವಿದೆ. ಎರಡು ಕಡೆಯ ಚಿತ್ರಗಳನ್ನೂ ತೆಗೆದುಕೊಂಡು, ಪ್ರತಿ ಚಿತ್ರವೂ ಎರಡು ಬರಹಗಳ ಬೇರೆ ಬೇರೆ ಪ್ರಮಾಣದ ಮಿಶ್ರಣ ಎಂದು ಭಾವಿಸಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಕೇತಗಳು ಸಿಗುವ ತನಕ ಕಲಸಿದ್ದನ್ನು ಬಿಡಿಸುತ್ತ ಹೋಗುವುದು. ಇಬ್ಬರು ಒಟ್ಟಿಗೆ ಮಾತಾಡುತ್ತಿರುವ ಕೋಣೆಯಲ್ಲಿ ಎರಡು ಮೈಕ್ ಇಟ್ಟು, ಆಮೇಲೆ ಒಬ್ಬೊಬ್ಬರ ದನಿ ಬೇರೆ ಮಾಡಿದ ಹಾಗೆ. ನಾನೂ ಅದನ್ನೇ ಹಿಡಿದೆ.

ಎರಡು ಭಾನುವಾರ ಅದರಲ್ಲೇ ಹೋಯಿತು. ಮೂರನೆಯ ಭಾನುವಾರ ಲ್ಯಾಪ್‌ಟಾಪ್ ಸಮೇತ ಕ್ಯಾಲನೂರಿಗೆ ಹೋಗಿ ಮೊದಲ ಹಾಳೆ ಓದಿದೆ.

"ಅ ಅ ಅ ಅ ಅ ಅ" ಅಂದೆ. ಪ್ರೋಗ್ರಾಮ್ ಕೊಟ್ಟಿದ್ದು ಅಷ್ಟೇ.

"ಅದೇನಮ್ಮ ಅದು?"

ನಾನು ತೆರೆಯ ಮೇಲೆ ಹುಡುಕಿದೆ. ಬ್ರೈಲಿನಲ್ಲಿ ಒಂಟಿ ಚುಕ್ಕೆ ಇಟ್ಟರೆ 'ಅ'. ಪ್ರೋಗ್ರಾಮ್ ಲಕ್ಷ್ಮಿಯ ಕೊರಳಿನ ಮುತ್ತಿನ ಸರವನ್ನು ಒಂದೊಂದೇ ಮುತ್ತು ಎಣಿಸಿ ಅಕ್ಷರ ಮಾಡಿಕೊಂಡಿತ್ತು. ಹೇಳಿದೆ. ಟೀಚರ್ ಬಾಯಿಗೆ ಸೆರಗು ಹಿಡಿದು ನಕ್ಕರು.

"ಬಿಡಮ್ಮ, ತಾಯಿ ಆಲಾಪನೆ ಮಾಡ್ತಾ ಇದಾಳೆ. ಪದ ಆಮೇಲೆ ಶುರುವಾಗ್ತದೆ."

ಅವರು ನಕ್ಕರು, ನನಗೆ ಮುಖ ಎತ್ತಲಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾಗಿತ್ತು. ಸರಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಆ ವಿಧಾನ ಶಾಯಿಯ ಮೇಲೆ ಶಾಯಿ ಬಿದ್ದದ್ದಕ್ಕೆ ಸರಿ. ಇಲ್ಲಿ ಮಿಶ್ರವಾಗಿದ್ದು ಎರಡಲ್ಲ. ಮುದ್ರಣದ ಬಣ್ಣ, ಮಳೆಯ ಕಲೆ, ಈ ಕಡೆಯ ಉಬ್ಬು, ಆ ಕಡೆಯ ತಗ್ಗು. ಅದರಲ್ಲೂ ಉಬ್ಬು ತಗ್ಗುಗಳಿಗೆ ಬಣ್ಣವೇ ಇಲ್ಲ, ನೆರಳು ಮಾತ್ರ. ಮಾಸಿದ ಹಾಳೆಯಲ್ಲಿ ಆ ನೆರಳು ಎಷ್ಟು ತೆಳುವೆಂದರೆ, ಅದರ ಪಕ್ಕ ಜವಳಿ ಅಂಗಡಿಯ ಒಂದು ಅಕ್ಷರ ಬಂದರೂ ಮುಳುಗಿಹೋಗುತ್ತಿತ್ತು.

ದಾರಿ ತೋರಿಸಿದ್ದು ಒಂದು ಸಣ್ಣ ಅಚಾತುರ್ಯ. ಮರುವಾರ ಸ್ಕ್ಯಾನರನ್ನೇ ಕ್ಯಾಲನೂರಿಗೆ ಒಯ್ದಿದ್ದೆ. ಟೀಚರ ತಮ್ಮನ ಹೆಂಡತಿ, ಅಂದರೆ ನಮ್ಮ ಪ್ಯಾಕಿಂಗ್ ವಿಭಾಗದವಳು, ಹಾಳೆಗಳನ್ನು ಒಂದೊಂದಾಗಿ ಗಾಜಿನ ಮೇಲೆ ಇಡುತ್ತಿದ್ದಳು. ಯಾರೋ ಹಾಲಿನ ಕ್ಯಾನು ಕೇಳಿ ಕೂಗಿದರು. ಅವಳು ಎದ್ದು ಹೋಗಿ ಬಂದು, ಆಗಲೇ ಮುಗಿದಿದ್ದ ಹಾಳೆಯನ್ನೇ ಮತ್ತೆ ಇಟ್ಟಳು, ಅದೂ ತಲೆಕೆಳಗಾಗಿ. ಎರಡೂ ಚಿತ್ರ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಬಂದವು. ಎರಡನೆಯದನ್ನು ನೆಟ್ಟಗೆ ತಿರುಗಿಸಿ ಇಟ್ಟೆ, ಅಳಿಸೋಣವೆಂದು. ಕೈ ಅಲ್ಲೇ ನಿಂತಿತು.

ಲಕ್ಷ್ಮಿ ಎರಡರಲ್ಲೂ ಒಂದೇ. ತಾರೀಖು ಒಂದೇ. ಕಲೆ ಒಂದೇ. ಚುಕ್ಕೆಗಳು ಮಾತ್ರ ಬೇರೆ. ಮೊದಲ ಚಿತ್ರದಲ್ಲಿ ಮೇಲೆ ಬೆಳಕು, ಕೆಳಗೆ ನೆರಳು ಇದ್ದ ಚುಕ್ಕೆಗೆ ಎರಡನೆಯದರಲ್ಲಿ ಮೇಲೆ ನೆರಳು, ಕೆಳಗೆ ಬೆಳಕು.

ಸ್ಕ್ಯಾನರಿನ ದೀಪ ಒಂದೇ ಬದಿಯಿಂದ ಓರೆಯಾಗಿ ಬೀಳುತ್ತದೆ. ಹಾಳೆ ತಿರುಗಿಸಿದರೆ ದೀಪವನ್ನೇ ಆ ಬದಿಯಿಂದ ಈ ಬದಿಗೆ ಒಯ್ದ ಹಾಗೆ. ಬಣ್ಣಕ್ಕೆ ದೀಪ ಎಲ್ಲಿದ್ದರೂ ಒಂದೇ, ಆಕಾರಕ್ಕೆ ಹಾಗಲ್ಲ. ಕಾರ್ಖಾನೆಯಲ್ಲಿ ದಿನವೂ ಎಡದೀಪ ಬಲದೀಪ ಹಾಕಿ ತಗಡು ನೋಡುವ ನಾನು, ಕಾಗದ ಎಂದ ಕೂಡಲೇ ಶಾಯಿಯ ದಾರಿ ಹಿಡಿದಿದ್ದೆ.

"ಅಯ್ಯೋ, ತಪ್ಪಾಯ್ತಾ ಮೇಡಂ?" ಅಂದಳು ಅವಳು.

"ಇಲ್ಲ. ಇನ್ನು ಮೇಲೆ ಪ್ರತಿ ಹಾಳೆನೂ ಹೀಗೇ ಎರಡು ಸಲ ಇಡಿ."

ಅಲ್ಲೇ, ಪಡಸಾಲೆಯ ನೆಲದ ಮೇಲೆ ಕೂತು, ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯುವ ನಾಲ್ಕು ಸಾಲು ಬರೆದೆ. ಬಂದದ್ದು ಹೊಲಸಾಗಿತ್ತು. ಹಾಳೆ ಕೂದಲೆಳೆಯಷ್ಟು ಜರುಗಿದ್ದಕ್ಕೆ ಪ್ರತಿ ಅಕ್ಷರದ ಅಂಚಿನಲ್ಲೂ ಭೂತದಂಥ ಜೋಡಿನೆರಳು ನಿಂತಿತ್ತು. ಕೋಲಾರದ ನನ್ನ ಮನೆಗೆ ಹಿಂತಿರುಗಿ, ಎರಡು ಚಿತ್ರಗಳನ್ನು ತುಣುಕು ತುಣುಕಾಗಿ ಹೊಂದಿಸುವ ಕೆಲಸ ಹಿಡಿದೆ. ಹೊಂದಿಸಲು ಗುರುತು ಬೇಕಲ್ಲ? ಗುರುತಾಗಿದ್ದು ಲಕ್ಷ್ಮಿಯೇ. ಅವಳ ಕಿರೀಟದ ಅಂಚು, ತಾರೀಖಿನ ಮೂಲೆಗಳು, ರಾಶಿಫಲದ ಒತ್ತಕ್ಷರಗಳು. ಯಾವುದನ್ನು ಅಳಿಸಬೇಕೆಂದು ಒದ್ದಾಡುತ್ತಿದ್ದೆನೋ ಅದು ಇಲ್ಲದಿದ್ದರೆ ಎರಡು ಚಿತ್ರಗಳು ಕೂಡುತ್ತಲೇ ಇರಲಿಲ್ಲ.

ಸರಿಯಾಗಿ ಕೂತ ದಿನ ನಾನು ಒಬ್ಬಳೇ ಇದ್ದೆ. ಬೆಳಗಿನ ಹೊತ್ತು, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ಎರಡನ್ನೂ ಕೂಡಿಸಿದ ಚಿತ್ರದಲ್ಲಿ ನೆರಳುಗಳು ಒಂದನ್ನೊಂದು ತಿಂದುಹಾಕಿ, ಕಲೆಯೊಂದು ಬಿಟ್ಟರೆ ಹೊಸದಾಗಿ ಅಂಗಡಿಯಿಂದ ತಂದಂಥ ನಯವಾದ ಕ್ಯಾಲೆಂಡರ್ ಕಂಡಿತು. ಒಂದರಿಂದ ಇನ್ನೊಂದನ್ನು ಕಳೆದ ಚಿತ್ರವನ್ನು ತೆರೆದೆ. ಲಕ್ಷ್ಮಿ ಇರಲಿಲ್ಲ. ತಾರೀಖು, ಕಲೆ, ಉಪ್ಪಿನಕಾಯಿ, ಏನೂ ಇರಲಿಲ್ಲ. ಬೂದು ಬಣ್ಣದ ಬಯಲು, ಅದರ ತುಂಬ ಬೆಟ್ಟಗುಡ್ಡ. ವಿಮಾನದಿಂದ ನಮ್ಮ ಸೀಮೆಯ ಬಂಡೆಗಳನ್ನು ಸಂಜೆಯ ಬಿಸಿಲಲ್ಲಿ ನೋಡಿದ ಹಾಗೆ, ಒಂದೊಂದು ಚುಕ್ಕೆಗೂ ತನ್ನ ಬೆಳಕು, ತನ್ನ ನೆರಳು. ಬೆಳಕು ಮೇಲಿದ್ದರೆ ಉಬ್ಬು, ನೆರಳು ಮೇಲಿದ್ದರೆ ತಗ್ಗು. ಉಬ್ಬುಗಳಷ್ಟನ್ನೇ ಹಿಡಿ ಎಂದರೆ ಮುಂದಿನ ಪುಟ, ತಗ್ಗುಗಳಷ್ಟನ್ನೇ ಹಿಡಿದು ಕನ್ನಡಿಯಂತೆ ಮಗುಚಿದರೆ ಹಿಂದಿನ ಪುಟ. ಹಾಳೆಯ ಹಿಂಭಾಗದ ಸ್ಕ್ಯಾನು ಅದಕ್ಕೆ ಸಾಕ್ಷಿ. ಇಲ್ಲಿ ಉಬ್ಬಿದ್ದದ್ದು ಅಲ್ಲಿ ತಗ್ಗಿರಲೇಬೇಕು.

ಈ ತತ್ವ ನನಗೆ ಹೊಸದಲ್ಲ. ಆದರೂ ತುಂಬ ಹೊತ್ತು ಕುರ್ಚಿಯಿಂದ ಏಳಲಿಲ್ಲ. ತಗಡಿನಲ್ಲಿ ತಗ್ಗು ಕಂಡಾಗ ಅದು ಯಾರ ಕೈಯಿಂದ ಆಯಿತೆಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಇಲ್ಲಿ ಪ್ರತಿ ಚುಕ್ಕೆಯ ಹಿಂದೆ ಒಬ್ಬರು ಮೊಂಡು ಮೊನೆಯ ಕಡ್ಡಿ ಒತ್ತಿದ್ದು ಕಾಣುತ್ತಿತ್ತು. ಕೆಲವು ಕಡೆ ಆಳ, ಕೆಲವು ಕಡೆ ಅವಸರ.

ಎಲ್ಲ ಹಾಳೆಗಳೂ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೂಟೆಗಳ ಅಡಿಯಲ್ಲಿ ನಡುಮಧ್ಯೆ ಸಿಕ್ಕಿಕೊಂಡಿದ್ದ ಹಾಳೆಗಳು ಚಪ್ಪಟೆಯಾಗಿಬಿಟ್ಟಿದ್ದವು. ಕಳೆದ ಚಿತ್ರದಲ್ಲೂ ಕಾಗದದ ನಾರಿನ ಒರಟು ಬಿಟ್ಟರೆ ಏನಿಲ್ಲ. ಅವಕ್ಕೆ ಬೇರೆ ದಾರಿ ಹಿಡಿಯಬೇಕಾಯಿತು. ಟೀಚರ್ ಬರೆಯುತ್ತಿದ್ದದ್ದು ಕಿಂಡಿಗಳಿರುವ ಲೋಹದ ಪಟ್ಟಿಯೊಳಗೆ. ಕಿಂಡಿಯಿಂದ ಕಿಂಡಿಗೆ ಅಂತರ ಒಂದೇ. ಒಂದೇ ಅಂತರದಲ್ಲಿ ಮರುಕಳಿಸುವ ಯಾವುದೇ ಆಗಲಿ, ಎಷ್ಟೇ ಮಂಕಾಗಿದ್ದರೂ, ಚಿತ್ರವನ್ನು ಆವರ್ತನದ ಲೆಕ್ಕಕ್ಕೆ ಬದಲಿಸಿ ನೋಡಿದರೆ ಒಂದೆಡೆ ಕೂಡಿಕೊಳ್ಳುತ್ತದೆ. ಗದ್ದಲದ ಸಂತೆಯಲ್ಲೂ ತಾಳ ಹಾಕುವವನ ಸದ್ದು ಬೇರೆಯಾಗಿ ಕೇಳುವಂತೆ.

ಹಾಗೆ ಬದಲಿಸಿದಾಗ ಕಪ್ಪು ತೆರೆಯ ಮೇಲೆ ನಕ್ಷತ್ರಗಳ ಹಾಗೆ ಬಿಂದುಗಳು ಎದ್ದವು. ಒಂದು ಗುಂಪಲ್ಲ, ಎರಡು. ಒಂದಕ್ಕಿಂತ ಇನ್ನೊಂದು ಚೂರು ವಾರೆ. ಹಾಳೆ ತಿರುಗಿಸಿ ಹಿಂಬದಿಗೆ ಬರೆಯುವಾಗ ಟೀಚರ್ ಅದನ್ನು ಹಲಗೆಗೆ ಒಂದಿಷ್ಟು ಓರೆಯಾಗಿ ಸಿಕ್ಕಿಸಿದ್ದರು. ಆ ಓರೆಯೇ ಹಿಂದಿನದನ್ನೂ ಮುಂದಿನದನ್ನೂ ಬೇರೆ ಮಾಡಿತು. ಚುಕ್ಕೆ ಎಲ್ಲಿ ಇರಬಹುದು ಎಂದು ತಿಳಿದ ಮೇಲೆ, ಆ ಜಾಗಗಳಲ್ಲಿ ಮಾತ್ರ ನೆರಳಿನ ಅಂಶವನ್ನು ಅಳೆಯುವುದು. ಸತ್ತುಹೋಗಿವೆ ಎಂದುಕೊಂಡಿದ್ದ ಹಾಳೆಗಳಿಂದ ಅಕ್ಷರಗಳು ಬರತೊಡಗಿದವು.

ಅಕ್ಷರಗಳ ವಿಷಯದಲ್ಲಿ ನಾನು ಕಲಿಯಬೇಕಾದದ್ದು ಇನ್ನೂ ಇತ್ತು. ಪ್ರೋಗ್ರಾಮ್ ಚುಕ್ಕೆಗಳನ್ನು ಕನ್ನಡ ಲಿಪಿಗೆ ತಿರುಗಿಸುತ್ತಿತ್ತು. ಅರ್ಧ ಸಾಲು ಕನ್ನಡವಾಗಿ, ಉಳಿದರ್ಧ ಅರ್ಥವಾಗದಂತೆ ಬರುತ್ತಿತ್ತು. ಸಾಲಿನ ಆ ಭಾಗ ಹಾಳಾಗಿದೆ ಎಂದುಕೊಂಡು, ಮಂಕು ಅಕ್ಷರಗಳನ್ನು ನಿಘಂಟಿನ ಹತ್ತಿರದ ಪದಕ್ಕೆ ತಿದ್ದುವ ಒಂದು ಭಾಗ ಸೇರಿಸಿದೆ. ಸಾಲುಗಳು ಎಷ್ಟೋ ನೆಟ್ಟಗಾದವು. ಖುಷಿಯಲ್ಲಿ ಕ್ಯಾಲನೂರಿಗೆ ಹೋಗಿ ಓದಿದೆ.

"ಸೊಪ್ಪು ಕೊಯ್ಯೋ ಕೈಗೆ ಬಳೆ ಯಾಕವ್ವ, ಗಾಜು ಲೆಕ್ಕಕ್ಕೆ ಪಾಠ ಎಲ್ಲಮ್ಮ."

ಟೀಚರ್ ಹುಬ್ಬು ಗಂಟಿಕ್ಕಿದರು. "ಎಲ್ಲಮ್ಮ ಯಾಕಮ್ಮ ಬಂದ್ಲು ಅಲ್ಲಿಗೆ?"

"ಹಾಗೇ ಇದೆ ಟೀಚರ್."

"ನಿಘಂಟು ಗಿಘಂಟು ಏನಾದ್ರೂ ಹಾಕಿದೀಯಾ?"

"ಹೂಂ."

"ಅದನ್ನ ತೆಗೆದು ಓದು. ಇದ್ದಿದ್ದು ಇದ್ದಂಗೇ ಓದು."

ತಿದ್ದುವ ಭಾಗವನ್ನು ನಿಲ್ಲಿಸಿ ಮತ್ತೆ ಓದಿದೆ. "ಗಾಜುಲು ಲೇಕುಂಟೆ ಪಾಟ ಎಟ್ಲಮ್ಮ."

ಒಳಗೆ ಮುದ್ದೆ ತಿರುವುತ್ತಿದ್ದ ತಮ್ಮನ ಹೆಂಡತಿ ಜೋರಾಗಿ ನಕ್ಕಳು. "ತೆಲುಗು ಮೇಡಂ ಅದು! ಬಳೆ ಇಲ್ದಿದ್ರೆ ಹಾಡು ಹೆಂಗಮ್ಮ ಅಂತ."

ನಂಗಲಿ ಕಡೆಯ ಹೆಂಗಸರು ಅರ್ಧ ಸಾಲು ಕನ್ನಡದಲ್ಲಿ ಕೇಳಿದರೆ ಉಳಿದರ್ಧಕ್ಕೆ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರಂತೆ. ಅಲ್ಲಿ ಅದು ದಿನದ ಮಾತು. ತುಮಕೂರು ಕಡೆಯಿಂದ ಬಂದ ನನಗೆ ಅದು ಹಾಳಾದ ಸಾಲಾಗಿ ಕಂಡಿತ್ತು.

"ನೀವು ಇಲ್ಲಿಂದ ತೆಲುಗು ಅಂತ ಗುರುತೇನಾದ್ರೂ ಹಾಕ್ತಿದ್ರಾ?" ಅಂತ ಕೇಳಿದೆ.

"ಯಾಕೆ ಹಾಕಬೇಕು? ಬ್ರೈಲಲ್ಲಿ ಕನ್ನಡದ ಕ, ತೆಲುಗಿನ ಕ, ಎರಡೂ ಒಂದೇ ಚುಕ್ಕೆ. ಕಣ್ಣಿರೋರಿಗೆ ಅದು ಬೇರೆ ಲಿಪಿ ಇದು ಬೇರೆ ಲಿಪಿ ಅಂತ ನಂಗೆ ಯಾರೋ ಹೇಳಿದ್ದು ನಾನು ದೊಡ್ಡೋಳಾದ್ಮೇಲೆ. ಆಗ ಆಶ್ಚರ್ಯ ಆಗಿತ್ತು ಕಣಮ್ಮ. ಇಷ್ಟು ಹತ್ರ ಇರೋ ಮಾತುಗಳಿಗೆ ಯಾಕೆ ಎರಡು ಲಿಪಿ ಇಟ್ಕೊಂಡಿದಾರೆ ಇವ್ರು ಅಂತ."

ನಾನು ತೆರೆಯ ಮೇಲಿದ್ದ ಬೂದು ಬೆಟ್ಟಸಾಲನ್ನು ನೋಡಿದೆ. ಎರಡು ಭಾಷೆಗಳು ಅಲ್ಲಿ ಒಂದೇ ಚುಕ್ಕೆಗಳಲ್ಲಿ ಅಕ್ಕಪಕ್ಕ ಕೂತಿದ್ದವು. ಅವನ್ನು ಬಿಡಿಸುವ ಅಗತ್ಯ ಯಾರಿಗೂ ಇರಲಿಲ್ಲ.

ನಿಘಂಟನ್ನು ಅಂದೇ ಕಿತ್ತುಹಾಕಿದೆ. ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ದೊಡ್ಡ ತೀರ್ಮಾನ ಅದೇ. ಕಂಪ್ಯೂಟರಿಗೆ ಊಹಿಸಲು ಬಿಟ್ಟರೆ ಸಾಲುಗಳು ಚಂದವಾಗಿ ತುಂಬುತ್ತವೆ, ಆದರೆ ಎಲ್ಲಿ ಟೀಚರ್ ಮುಗಿದು ಎಲ್ಲಿ ಯಂತ್ರ ಶುರುವಾಯಿತು ಎನ್ನುವುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಖಚಿತವಿಲ್ಲದ ಚುಕ್ಕೆ ಖಚಿತವಿಲ್ಲ ಎಂದೇ ಇರಲಿ, ಜಾಗ ಖಾಲಿ ಬಿಡಲಿ. ಉಬ್ಬಿನ ಮೇಲೇ ತಗ್ಗು ಬಿದ್ದು ಎರಡೂ ಅಳಿಸಿಹೋದ ಕಡೆ ಬಿಡಿಸಲು ಏನೂ ಉಳಿದಿರುವುದಿಲ್ಲ. ಅಂಥ ಕಡೆ ಸುಮ್ಮನಿರಲು ನನ್ನ ಪ್ರೋಗ್ರಾಮಿಗೆ ಕಲಿಸಬೇಕಾಯಿತು. ಬಿಡಿಸುವುದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು.

ಅಲ್ಲಿಂದ ಭಾನುವಾರಗಳು ಒಂದು ಕ್ರಮಕ್ಕೆ ಬಂದವು. ತಮ್ಮನ ಹೆಂಡತಿ ಹಾಳೆ ಇಡುವಳು, ನಾನು ಬಿಡಿಸುವೆನು, ಓದುವೆನು. ಖಾಲಿ ಜಾಗ ಬಂದಾಗ "ಇಲ್ಲಿ ಇಲ್ಲ" ಅನ್ನುವೆನು. ಕೆಲವು ಸಲ ಟೀಚರಿಗೆ ಮಾತು ಹೊಳೆಯುತ್ತಿತ್ತು, ಕೆಲವು ಸಲ ಇಲ್ಲ. ಒಂದು ಹಾಳೆಯಲ್ಲಿ ನಾನು ಓದಿದ ಒಂದು ಮಾತನ್ನು ಕೇಳಿ ಅವರು, "ಅದು ನಾನೇ ತಪ್ಪು ಬರೆದಿದ್ದು. ಆವತ್ತು ಆ ಅಜ್ಜಿ ಬೇಗ ಬೇಗ ಹಾಡಿಬಿಟ್ಟಳು, ಒಂದು ಚುಕ್ಕೆ ಬಿಟ್ಟುಹೋಯ್ತು. ನಿನ್ನ ಮಿಷಿನ್ನು ಅದನ್ನೂ ಬಿಟ್ಟಿಲ್ಲವಲ್ಲ!" ಎಂದು ಬೆರಗಾದರು. ತಮ್ಮ ತಪ್ಪು ಅಷ್ಟು ವರ್ಷದ ಮೇಲೆ ಹಾಗೇ ವಾಪಸ್ ಬಂದದ್ದು ಅವರಿಗೆ ಸರಿಯಾದ ಸಾಲುಗಳಿಗಿಂತ ಹೆಚ್ಚು ಹಿಡಿಸಿದಂತಿತ್ತು.

ಕಟ್ಟು ಮುಗಿಯಿತು. ಎಲ್ಲವನ್ನೂ ಮನೆಯವರಿಗೆಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಟೀಚರಿಗೆಂದು ನನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಕೊಟ್ಟೆ. ಕೆಲಸ ಆಯಿತೆಂದೇ ಅಂದುಕೊಂಡಿದ್ದೆ. ಟೀಚರ್ ರೆಕಾರ್ಡನ್ನು ಸ್ವಲ್ಪ ಕೇಳಿ ನಿಲ್ಲಿಸಿದರು.

"ಚೆನ್ನಾಗಿದೆ ಕಣಮ್ಮ. ಬೇಜಾರು ಮಾಡ್ಕೋಬೇಡ. ನೀನು ಓದಿದ್ರೆ ಕೇಳ್ತೀನಿ. ಆದ್ರೆ ಕೇಳೋದು ಬೇರೆ, ಓದೋದು ಬೇರೆ. ಓದುವಾಗ ನಂಗೆ ಬೇಕಾದ ಕಡೆ ನಿಲ್ತೀನಿ, ಹಿಂದಕ್ಕೆ ಹೋಗ್ತೀನಿ. ಒಬ್ಬಳೇ ಇರ್ತೀನಿ. ಅದು ಹೋಯ್ತಲ್ಲ ಅಂತ ಅಷ್ಟೇ."

ನಾನು ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತ ಬಂದೆ. ಪ್ರತಿ ಚುಕ್ಕೆಯೂ ಎಲ್ಲಿದೆ ಎಂದು ನನ್ನ ಬಳಿ ಲೆಕ್ಕವಿದೆ. ಚುಕ್ಕೆಗಳನ್ನು ಮತ್ತೆ ಎಬ್ಬಿಸಲು ಯಾವ ಅಡ್ಡಿ? ಅವರ ಬೆರಳಿಗೆ ಮಾಮೂಲು ಬ್ರೈಲ್ ಸಾಲದು, ದೊಡ್ಡದಾಗಿ, ಎತ್ತರವಾಗಿ ಬೇಕು. ನಮ್ಮಲ್ಲಿ ತಗಡಿನ ಮೇಲೆ ಸಂಖ್ಯೆ ಹಾಕುವ ಒಂದು ಯಂತ್ರವಿದೆ. ಸೂಜಿಯಂಥ ಮೊಳೆಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಅಂಕಿ ಬರೆಯುತ್ತದೆ. ಕಾರ್ಖಾನೆಯ ಮುಖ್ಯಸ್ಥರ ಹತ್ತಿರ ಹೋಗಿ, ಗುಜರಿಗೆ ಹೋಗುವ ತೆಳು ಅಲ್ಯೂಮಿನಿಯಂ ಹಾಳೆ ಮತ್ತು ಶನಿವಾರ ಮಧ್ಯಾಹ್ನ ಆ ಯಂತ್ರ ಬೇಕೆಂದು ಕೇಳಿದೆ. ಯಾಕೆಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತಿದ್ದು, "ಅಂಚು ಕೈ ಕುಯ್ಯದಂಗೆ ಮಡಚಿ" ಅಂದರು. ಅದೇ ಒಪ್ಪಿಗೆ.

ಹಾಳೆಯ ಕೆಳಗೆ ರಬ್ಬರ್ ಹಾಸಿ, ಮೊಂಡು ಮೊಳೆ ಹಾಕಿ ಕುಟ್ಟಿಸಿದೆವು. ಮೊದಲ ಕೆಲವು ಹರಿದುಹೋದವು. ಆಮೇಲೆ ಬಳೆಪದದ ಒಂದು ಹಾಳೆ, ಅದರ ಹಿಂಬದಿಯಲ್ಲಿದ್ದ ಇನ್ನೊಂದು ಪದಕ್ಕೆ ಬೇರೆ ಒಂದು ಹಾಳೆ, ಎರಡು ಚೆನ್ನಾಗಿ ಬಂದವು. ಅಂಚು ಮಡಚಿ ಕ್ಯಾಲನೂರಿಗೆ ಒಯ್ದೆ.

ಟೀಚರ್ ಲೋಹದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬಲಗೈಯ ತೋರುಬೆರಳು ಸಾಲಿನ ಮೇಲೆ ಸರಿಯಿತು. ಮತ್ತೆ ಸರಿಯಿತು. ಎಡಗೈ. ಉಂಗುರದ ಬೆರಳು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಏನೋ ಒರಟಾಗಿದೆ ಅಂತ ತಿಳೀತದೆ" ಅಂದರು. "ಅಕ್ಷರ ತಿಳಿಯಲ್ಲ."

ತಮ್ಮನ ಹೆಂಡತಿ, "ಅತ್ತಿಗೆ, ಇರ್ಲಿ ಬಿಡಿ, ಕಾಫಿ ಕುಡೀರಿ" ಅಂತ ಲೋಟ ತಂದಳು. ಟೀಚರ್ ಲೋಟ ತೆಗೆದುಕೊಳ್ಳಲಿಲ್ಲ. ಹಾಳೆಯನ್ನು ಎರಡು ಕೈಯಲ್ಲಿ ಎತ್ತಿ, ತಲೆ ಬಗ್ಗಿಸಿ, ಕೆಳತುಟಿಯನ್ನು ಮೊದಲ ಸಾಲಿನ ಅಂಚಿಗೆ ಇಟ್ಟರು.

ನಿಧಾನಕ್ಕೆ ಎಡದಿಂದ ಬಲಕ್ಕೆ ಮುಖ ಸರಿಯಿತು. ನಿಂತಿತು. ಸ್ವಲ್ಪ ಹಿಂದೆ ಹೋಯಿತು. ಮತ್ತೆ ಸರಿಯಿತು. ಗೋಡೆಯಾಚೆ ಹುಳಗಳು ಮೇಯುತ್ತಿದ್ದ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಮೊದಲ ಸಾಲಿನ ಕೊನೆಗೆ ಅವರು ಮುಖ ಎತ್ತಿದರು.

"ಸೊಪ್ಪು" ಅಂದರು. "ಸೊಪ್ಪು ಕೊಯ್ಯೋ ಕೈಗೆ."

ಯಾರಿಗೂ ಹೇಳುತ್ತಿರಲಿಲ್ಲ ಅವರು. ಮತ್ತೆ ಬಗ್ಗಿದರು. ಬಾಣಂತಿ ಮಗುವಿನ ನೆತ್ತಿಗೆ ಮೂಗು ತಾಗಿಸಿ ಕೂರುವಂತೆ ಕೂತು, ಸಾಲು ಸಾಲಾಗಿ ಇಳಿದರು. ಕೆಲವು ಕಡೆ ತುಂಬ ಹೊತ್ತು ನಿಂತರು. ಒಂದು ಕಡೆ ತಮಗೆ ತಾವೇ ನಕ್ಕರು. ಯಾವ ಸಾಲಿಗೆಂದು ನಾನು ಕೇಳಲಿಲ್ಲ. ತಮ್ಮನ ಹೆಂಡತಿ ಲೋಟ ಹಿಡಿದುಕೊಂಡೇ ಬಾಗಿಲಿಗೆ ಒರಗಿ ನಿಂತಿದ್ದಳು, ಕಾಫಿ ಆರಿಹೋಗಿತ್ತು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕೊನೆಯ ಸಾಲು ಮುಗಿಸಿ ಟೀಚರ್ ಹಳೆಯ ಅಭ್ಯಾಸದಂತೆ ಹಾಳೆಯನ್ನು ಮಗುಚಿದರು. ತುಟಿ ಇಟ್ಟರು. ಅಲ್ಲಿ ತಗ್ಗುಗಳಷ್ಟೇ ಇದ್ದವು.

"ಹಿಂದಿನ ಪದ ಎಲ್ಲಮ್ಮ?" ಅಂದರು.

"ಅದನ್ನ ಬೇರೆ ಹಾಳೆಗೆ ಹಾಕಿದೀನಿ ಟೀಚರ್."

"ಇಡೀ ಒಂದು ಹಾಳೆ ಅದೊಂದಕ್ಕೇನಾ?" ಎಂದು ಅಚ್ಚರಿಪಟ್ಟು, ಅವರು ಕೈ ಚಾಚಿದರು.